ತೆಸ್ಕೋಕೊದ ಸೊಸೆ

ಸರೋವರದ ನಡುವಿನ ತ್ಲಾತೆಲೋಲ್ಕೊದ ಸಂತೆಯಲ್ಲಿ ಪಾಪಾನಳ ಕಡುಬು ಎಷ್ಟು ಹೆಸರುವಾಸಿಯೋ ಅವಳ ಬಾಯಿಯೂ ಅಷ್ಟೇ. ಮೆಕ್ಕೆಜೋಳದ ಹಿಟ್ಟಿನೊಳಗೆ ಮೆಣಸಿನಕಾಯಿ, ಕಪ್ಪೆ ಮಾಂಸ ತುಂಬಿ, ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಿದ್ದಳು. ಎರಡು ಬೈಗುಳ ತಿನ್ನದೆ ಅವಳ ಕಡುಬು ತಿಂದವರಿಲ್ಲ ಎಂದು ಜನ ನಗುತ್ತಿದ್ದರು. ಆದರೆ ಸಂತೆಯಲ್ಲಿ ಬೈದದ್ದು ಬರೀ ಬಾಯಿಚಪಲ. ಮನಸ್ಸಿಟ್ಟು ಬೈಯುವುದನ್ನೆಲ್ಲ ಅವಳು ಮನೆಗೆ, ಸೊಸೆ ಸೆಂಟೆವಾಳಿಗೆ ಉಳಿಸಿಕೊಂಡು ಬರುತ್ತಿದ್ದಳು.

ಸೆಂಟೆವಾ ನನ್ನ ಮಾವ ಟೊಚಿನ್ ಅವರ ತಂಗಿ. ನಾನು ಈಚೆ ದಡದ ತೆಸ್ಕೋಕೊದ ಈ ಮನೆಗೆ ಮದುವೆಯಾಗಿ ಬರುವ ಹೊತ್ತಿಗೆ ಮಾವನಿಗೆ ವಯಸ್ಸಾಗಿತ್ತು. ಈ ಸಂಗತಿಯನ್ನೆಲ್ಲ ಹೇಳಿದವರು ಅವರೇ. ಅವರು ಕಣ್ಣಾರೆ ಕಂಡದ್ದು ಅರ್ಧ, ಪಾಪಾನಳ ಬಾಯಿಂದ ಕೇಳಿದ್ದು ಅರ್ಧ.

ಪಾಪಾನಳ ಒಬ್ಬನೇ ಮಗ ಮತ್ಲಾಲ್ ಸರೋವರದಲ್ಲಿ ಸರಕು ಸಾಗಿಸುವ ದೋಣಿಯವನು. ಚಾಪೆಯ ಹೊರೆ ಹೊತ್ತು ನಮ್ಮ ದಡಕ್ಕೆ ಬಂದವನು ಸೆಂಟೆವಾಳನ್ನು ನೋಡಿ ಮೆಚ್ಚಿ, ಹಿರಿಯರನ್ನು ಕಳಿಸಿ ಕೇಳಿ ಮದುವೆಯಾದ. ಪಾಪಾನ್ ಓಣಿಯದೇ ಒಂದು ಹುಡುಗಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಆ ಸಿಟ್ಟು ಇಳಿಯಲೇ ಇಲ್ಲ.

"ಅರೆಯೋದು ಅಂದ್ರೆ ಕಲ್ಲಿಗೆ ಕಚಗುಳಿ ಇಡೋದಲ್ಲ ಕಣೆ. ನಿಮ್ಮೂರಲ್ಲಿ ಕೋಳಿಗೆ ಚೆಲ್ಲೋಕೆ ಅರೀತಾರಾ?" ಎನ್ನುವಳು.

"ಕೋಳಿಗಳು ಯಾವತ್ತೂ ದೂರು ಹೇಳಿಲ್ಲ ಅತ್ತೆ," ಎನ್ನುವಳು ಸೊಸೆ.

ಮತ್ಲಾಲ್ ಇಬ್ಬರ ನಡುವೆ ಕೂತು ತಲೆ ತಗ್ಗಿಸಿಕೊಂಡು ಉಣ್ಣುವನು.

ಸ್ಪೇನಿನ ಗಡ್ಡದವರು ಮೊದಲ ಸಲ ಊರೊಳಗೆ ಸೇರಿ, ಕೊನೆಗೆ ಹೊಡೆತ ತಿಂದು ಓಡಿಹೋದಾಗ ಜನ ಬೀದಿಗಳಲ್ಲಿ ಕುಣಿದರು. ಅವರು ಹೋದರು, ಅವರು ತಂದ ಸಿಡುಬು ಉಳಿಯಿತು. ಹಿಂದೆ ಯಾರೂ ಕಾಣದ ರೋಗ. ಮೈತುಂಬ ಬೊಕ್ಕೆ ಎದ್ದವರು ಮಗ್ಗುಲು ಬದಲಿಸಲಾರದೆ ಚಾಪೆಗೆ ಅಂಟಿಕೊಂಡೇ ಸತ್ತರು. ಅರೆದು ಬೇಯಿಸುವವರಿಲ್ಲದೆ, ರೋಗ ಬಿಟ್ಟವರನ್ನು ಹಸಿವು ಕೊಂದಿತು. ಪಾಪಾನಳ ಗಂಡ ಹೋದ. ಸೆಂಟೆವಾಳ ಹಾಲುಗೂಸು ಹೋಯಿತು. ಪಾಪಾನ್ ಹೇಗೋ ಬದುಕಿದಳು. ಮುಖ ಮಾತ್ರ ಜೇನುಗೂಡಿನ ಹಾಗೆ ತೂತುಬಿತ್ತು. ಎದೆಹಾಲು ಕಟ್ಟಿ ನೋವು ತಿನ್ನುತ್ತಲೇ ಸೆಂಟೆವಾ ಅತ್ತೆಗೆ ಗಂಜಿ ಕುಡಿಸಿದಳು, ಕೀವು ಒರೆಸಿದಳು. ಅವಳಿಗೆ ಒಂದು ಬೊಕ್ಕೆಯೂ ಏಳಲಿಲ್ಲ.

ಎದ್ದು ಕೂತ ಮೊದಲ ದಿನವೇ ಪಾಪಾನ್ ಅಂದಳು: "ನನ್ನ ಮೊಮ್ಮಗನ್ನ ತಿಂತು. ನಿನ್ನ ಮುಖ ನೋಡಿ ದಾರಿ ಬಿಟ್ಟು ಹೋಯ್ತು ನೋಡು."

ಸೆಂಟೆವಾ ಗಂಜಿಯ ಬಟ್ಟಲನ್ನು ಅತ್ತೆಯ ಕೈಗಿಟ್ಟು ಒಲೆಯ ಕಡೆ ಹೋದಳು.

ವಸಂತದಲ್ಲಿ ಗಡ್ಡದವರು ಮರಳಿದರು, ಈ ಸಲ ಸಾವಿರ ಸಾವಿರ ಜನರ ಜೊತೆ. ಆ ಊರಿಗೆ ಹಳೆಯ ಹಗೆಗಳಾದ ತ್ಲಾಸ್ಕಾಲಾದವರು ಬಂದರು. ನಮ್ಮ ತೆಸ್ಕೋಕೊದವರೂ ಬಂದರು. ನಮ್ಮ ದೊರೆಗಳ ಮನೆಯಲ್ಲಿ ಅಣ್ಣತಮ್ಮಂದಿರ ಜಗಳ. ಗದ್ದುಗೆ ಸಿಕ್ಕವನು ಹೊಸಬರ ಕಡೆ ವಾಲಿದ. ಟೊಚಿನ್ ಮಾವನಂಥವರನ್ನು ಯಾರೂ ಏನೂ ಕೇಳಲಿಲ್ಲ. ಗುರಾಣಿ ಕೈಗೆ ಕೊಟ್ಟು ನಡೆ ಎಂದರು, ನಡೆದರು. ತಂಗಿ ಆ ಊರೊಳಗೇ ಇದ್ದಾಳೆ ಎಂದು ಗೊತ್ತಿದ್ದೂ ನಡೆದರು.

ಗುಡ್ಡದ ಬುಗ್ಗೆಯಿಂದ ಊರಿಗೆ ಸಿಹಿನೀರು ತರುತ್ತಿದ್ದ ಕಾಲುವೆಯನ್ನು ಮೊದಲು ಒಡೆದರು.

"ನಿಮ್ಮ ಅಣ್ಣತಮ್ಮಂದಿರು ಬಂದಿದ್ದಾರಂತೆ. ಎದ್ದು ಕಾಲಿಗೆ ನೀರು ಕೊಡೆ," ಅಂದಳು ಪಾಪಾನ್.

"ನೀರೆಲ್ಲಿದೆ ಅತ್ತೆ?" ಅಂದಳು ಸೆಂಟೆವಾ.

ಇಬ್ಬರಿಗೂ ನಗು ಬಂತು. ಒಟ್ಟಿಗೆ ನಕ್ಕದ್ದು ಅದೇ ಮೊದಲು. ನಕ್ಕದ್ದಕ್ಕೆ ನಾಚಿಕೊಂಡು ಪಾಪಾನ್ ಎದ್ದು ಒಳಗೆ ಹೋದಳು.

ಬಾವಿಯ ಉಪ್ಪುನೀರು ಕುಡಿದು ಜನರಿಗೆ ರಕ್ತಭೇದಿ ಹಿಡಿಯಿತು. ಜೋಳ ಮುಗಿಯಿತು. ಆಮೇಲೆ ಹಲ್ಲಿ, ಗುಬ್ಬಿ, ಜೊಂಡಿನ ಬೇರು, ನೆನೆಸಿದ ತೊಗಲು. ಕೊನೆಕೊನೆಗೆ ಮಣ್ಣಿಟ್ಟಿಗೆಯನ್ನೇ ಜನ ಅಗಿದರು. ಪ್ರತಿದಿನ ಒಂದೊಂದು ಸಾಲು ಮನೆ ಕೆಡವಿ, ಆ ಮಣ್ಣಿನಿಂದಲೇ ಬೀದಿಬೀದಿಯ ದೋಣಿಕಾಲುವೆಗಳನ್ನು ಮುಚ್ಚುತ್ತ ಹಗೆಗಳು ಹತ್ತಿರ ಬಂದರು. ಕೆಡವುವ ಕೆಲಸಕ್ಕೆ ಹಚ್ಚಿದ್ದು ನಮ್ಮವರನ್ನೇ.

ಅದು ತ್ಲಾತೆಲೋಲ್ಕೊದವರ ಕಣ್ಣಿಗೆ ಬೀಳದೆ ಇರುತ್ತದೆಯೇ? ಒಂದು ಮಧ್ಯಾಹ್ನ ಓಣಿಯ ಮುಖಂಡ ಇಬ್ಬರು ಕಟ್ಟಾಳುಗಳ ಜೊತೆ ಪಾಪಾನಳ ಬಾಗಿಲಿಗೆ ಬಂದ.

"ಪಾಪಾನಕ್ಕ, ಸೊಸೇನ ಹೊರಗೆ ಕಳಿಸು. ತೆಸ್ಕೋಕೊದವರನ್ನೆಲ್ಲ ಗುಡಿಗೆ ಕರ್ಕೊಂಡು ಬರ್ಬೇಕು ಅಂತ ಅಪ್ಪಣೆ ಆಗಿದೆ."

ಬಲಿಗೆಂದು ಗುಡಿಗೆ ಹೋದವರು ಮೆಟ್ಟಿಲಿಳಿದು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಪಾಪಾನ್ ಅರೆಯುವ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲ ಮೇಲೆ ನಿಂತಳು. ಹಸಿವಿಗೆ ಅವಳ ಕೈ ಕಡ್ಡಿಯಾಗಿತ್ತು.

"ಯಾವಳು ತೆಸ್ಕೋಕೊದವಳು? ನನ್ನ ಮಗನ ಹೆಂಡತಿ ಇವಳು. ನನ್ನ ಮಗ ಎಲ್ಲಿದ್ದಾನೆ ಗೊತ್ತಾ? ದೋಣಿ ಮೇಲೆ. ನೀನೆಲ್ಲಿದ್ದೀಯ? ಹೆಂಗಸರ ಬಾಗಿಲಲ್ಲಿ."

"ನೀನೇ ದಿನಾ ಬೈತಿದ್ದೆಯಲ್ಲಕ್ಕ, ಇಡೀ ಓಣಿಗೆ ಕೇಳೋ ಹಾಗೆ?"

"ಬೈತೀನಿ. ಬೈಯೋ ಹಕ್ಕು ನಂದು. ಅವಳನ್ನ ಒಯ್ಯೋ ಹಕ್ಕು ಯಾವನಿಗೂ ಇಲ್ಲ. ಬಾ, ಒಂದು ಹೆಜ್ಜೆ ಮುಂದೆ ಬಾ ನೋಡೋಣ."

ಮುಖಂಡ ಕೆಟ್ಟವನಲ್ಲ, ಸುಸ್ತಾದವನು. ಇಲ್ಲಿ ಯಾರೂ ಸಿಗಲಿಲ್ಲ ಎಂದು ತನ್ನವರಿಗೆ ಹೇಳಿ ಹೊರಟುಹೋದ. ಒಳಗಿದ್ದ ಸೆಂಟೆವಾ ಬಂದು ಅತ್ತೆಯ ಕೈಯಿಂದ ಕಲ್ಲು ತೆಗೆದುಕೊಂಡಳು. ಪಾಪಾನ್ ಅವಳ ಮುಖ ನೋಡದೆ, "ಸುಮ್ನೆ ನಿಂತಿದ್ದೀಯಲ್ಲ, ಬಾಗಿಲು ಹಾಕು," ಅಂದಳು.

ಮತ್ಲಾಲ್ ಸತ್ತ ಸುದ್ದಿಯನ್ನು ತಂದವನು ಅವನ ಜೊತೆಗೆ ಇನ್ನೊಂದು ದೋಣಿಯಲ್ಲಿದ್ದವನು. ಸೇತುವೆಯ ಬಳಿ ಕಾದಾಟ, ಗುಂಡಿನ ಸದ್ದು, ಆಮೇಲೆ ಖಾಲಿ ದೋಣಿ. ಹೆಣ ಸಿಗಲಿಲ್ಲ. ಅಳಲು ಇಬ್ಬರ ಮೈಯಲ್ಲೂ ನೀರಿರಲಿಲ್ಲ ಎನ್ನುತ್ತಿದ್ದಳಂತೆ ಪಾಪಾನ್. ಆ ದಿನ ಸೆಂಟೆವಾ ಹಿಡಿದು ತಂದ ಹಲ್ಲಿಯನ್ನು ಸುಟ್ಟು, ಅರ್ಧ ಮಾಡಿ, ದೊಡ್ಡ ಪಾಲನ್ನು ಅತ್ತೆಯ ಮುಂದಿಟ್ಟಳು. ಪಾಪಾನ್ ಅದನ್ನು ಸೊಸೆಯ ಕಡೆ ಸರಿಸಿ ಚಿಕ್ಕ ಪಾಲನ್ನು ತನ್ನ ಕಡೆ ಎಳೆದುಕೊಂಡಳು.

ಗಂಡಸರು ಸಾಲದೆ ಬಂದಾಗ ಹೆಂಗಸರಿಗೂ ಕರೆ ಬಂತು. ಸೆಂಟೆವಾ ಗಂಡನ ಹಳೆಯ ಗುರಾಣಿ ಹಿಡಿದು, ಲಂಗ ಮೇಲಕ್ಕೆ ಕಟ್ಟಿ, ಉಳಿದ ಹೆಂಗಸರ ಜೊತೆ ಮಾಳಿಗೆ ಏರಿ ನಿಂತಳು. ಕೆಳಗೆ ಗೋಡೆ ಕೆಡವುತ್ತಿದ್ದವರ ಕೂಗಾಟದಲ್ಲಿ ತನ್ನೂರಿನ ಮಾತಿನ ಧಾಟಿ ಅವಳಿಗೆ ಕೇಳಿಸಿತು. ಆದರೂ ಕಲ್ಲೆಸೆದಳು.

ಕೊನೆಗೆ ಊರು ಸೋತಿತು. ದೊರೆ ಸೆರೆಸಿಕ್ಕ, ಕಾದಾಟ ನಿಂತಿತು. ತಿಂಗಳುಗಟ್ಟಲೆ ಕಿವಿ ತುಂಬಿದ್ದ ಕೂಗು, ನಗಾರಿ ಒಮ್ಮೆಗೇ ನಿಂತು, ಜನ ಕಿವುಡರಾದಂತೆ ಒಬ್ಬರ ಮುಖ ಒಬ್ಬರು ನೋಡಿದರು. ಬದುಕಿದವರು ಊರು ಬಿಡಬಹುದು ಎಂದರು. ಹೆಣಗಳನ್ನು ದಾಟಿಕೊಂಡು ಜನ ಸರೋವರದ ಏರಿಯ ಕಡೆ ಹೊರಟರು. ಏರಿಯ ಬಾಯಲ್ಲಿ ಗಡ್ಡದವರು ನಿಂತು ಚಿನ್ನಕ್ಕಾಗಿ ಎಲ್ಲರ ಬಾಯಿ, ಲಂಗ, ಜಡೆ ತಡಕುತ್ತಿದ್ದಾರೆ, ಚೆಲುವೆಯರನ್ನು ಆರಿಸಿ ಪಕ್ಕಕ್ಕೆ ನಿಲ್ಲಿಸುತ್ತಿದ್ದಾರೆ ಎಂಬ ಮಾತು ಹಿಂದಕ್ಕೆ ಹರಿದು ಬಂತು. ಹೆಂಗಸರೆಲ್ಲ ಮುಖಕ್ಕೆ ಕೆಸರು ಮೆತ್ತಿಕೊಂಡರು.

"ಕೆಸರು ಸಾಲದು. ಒರೆಸಿ ನೋಡ್ತಾರೆ," ಅಂದಳು ಪಾಪಾನ್. ಒಂದು ಕತ್ತಾಳೆ ಮುಳ್ಳು ಹುಡುಕಿ ತಂದು, ಸೊಸೆಯ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಏನು ಮಾಡ್ತೀರಿ ಅತ್ತೆ?"

"ಸಿಡುಬು ದಾರಿ ಬಿಟ್ಟು ಹೋಯ್ತಲ್ಲ, ಕರ್ಕೊಂಡು ಬರ್ತೀನಿ. ಅಲ್ಲಾಡಬೇಡ."

ಹಣೆ, ಕೆನ್ನೆ, ಮೂಗಿನ ಮೇಲೆಲ್ಲ ಚುಚ್ಚಿ, ರಕ್ತ ಜಿನುಗಿದ ಕಡೆಗೆ ಮಸಿ ಒತ್ತಿದಳು.

"ನೋಯುತ್ತೆ ಅತ್ತೆ."

"ನೋಯಲಿ. ನಿನಗೊಂದು ಚುಚ್ಚಬೇಕು ಅಂತ ಮದುವೆ ದಿನದಿಂದ ಕಾಯ್ತಿದ್ದೆ," ಅಂದಳು. ಹಾಗೆ ಅನ್ನುವಾಗ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

ಹರಕು ಚಿಂದಿ ಸುತ್ತಿ, ಬೆನ್ನು ಬಾಗಿಸಿ, ಒಬ್ಬರನ್ನೊಬ್ಬರು ಹಿಡಿದು ಹೊರಟರು. ಏರಿಯ ಬಾಯಲ್ಲಿ ಒಬ್ಬ ಸಿಪಾಯಿ ಪಾಪಾನಳ ಬಾಯಿ ತೆರೆಸಿ ನೋಡಿ ದೂಡಿದ. ಸೆಂಟೆವಾಳ ಮುಖ ನೋಡಿ ಅಸಹ್ಯದಿಂದ ಉಗಿದು, ಹೋಗು ಎಂದು ಕೈ ಬೀಸಿದ. ಅವರು ದಾಟಿದರು. ಮಾವ ಈ ಮಾತಿಗೆ ಬಂದಾಗಲೆಲ್ಲ ಅದನ್ನೇ ಇನ್ನೊಮ್ಮೆ ಹೇಳುತ್ತಿದ್ದರು: ಅವರು ದಾಟಿಯಾಗಿತ್ತು.

ಸ್ವಲ್ಪ ಮುಂದೆ ತೆಸ್ಕೋಕೊದ ಪಡೆ ನಿಂತಿತ್ತು. ಬೆಳಗಿನಿಂದ ಬರುವವರ ಮುಖಗಳನ್ನೆಲ್ಲ ಹುಡುಕುತ್ತಿದ್ದ ಟೊಚಿನ್ ಮಾವ ತಂಗಿಯನ್ನು ನಡಿಗೆಯಿಂದಲೇ ಗುರುತು ಹಿಡಿದರು.

"ಸೆಂಟೆವಾ! ನನ್ನ ತಂಗಿ! ಅಯ್ಯೋ, ಬದುಕಿದ್ದೀಯೇನೇ!" ಎಂದು ಕೂಗುತ್ತ ಓಡಿ ಬಂದು ತಬ್ಬಿಕೊಂಡರು.

"ಅಣ್ಣ, ಮೆಲ್ಲಗೆ. ಬಿಡು, ಹೋಗೋಣ ಮೊದಲು."

"ಮುಖ ಏನಾಯ್ತೇ? ಯಾರು ಹೀಗೆ ಮಾಡಿದ್ದು?"

"ಏ, ಬಿಡಪ್ಪ ಅವಳನ್ನ!" ಎಂದು ಪಾಪಾನ್ ನಡುವೆ ಬಂದಳು. ಸಿಡುಬು ತಿಂದ ಮುಖದ ಗುರುತು ಸಿಗದೆ, ಮಾವನಿಗೆ ಅವಳು ಯಾರೋ ಹುಚ್ಚಿಯ ಹಾಗೆ ಕಂಡಳು. ಅವರು ತಮ್ಮ ಸೊಂಟದ ಸೋರೆಬುರುಡೆ ಬಿಚ್ಚಿ, ಬುಗ್ಗೆಯ ಸಿಹಿನೀರನ್ನು ಬೊಗಸೆಗೆ ಹೊಯ್ದು, ತಂಗಿಯ ಮುಖ ತೊಳೆದರು. ಚಿಕ್ಕವಳಿದ್ದಾಗ ತೊಳೆಯುತ್ತಿದ್ದ ಹಾಗೆ, ಕಿವಿಯ ಹಿಂದೆಯೂ ತೊಳೆದರು. ಮಸಿ ಹೋಯಿತು, ಕೆಸರು ಹೋಯಿತು. ಮುಳ್ಳು ತಾಗಿದ ಕೆಂಪು ಚುಕ್ಕೆಗಳ ನಡುವೆ ಸೆಂಟೆವಾಳ ನುಣುಪಾದ ಮುಖ ಹಾಗೇ ಇತ್ತು.

ಕುದುರೆಯ ಮೇಲೆ ಹಾದುಹೋಗುತ್ತಿದ್ದ ಗಡ್ಡದವನೊಬ್ಬ ನಿಂತ. ಇಳಿದು ಬಂದು ಅವಳ ಗಲ್ಲ ಹಿಡಿದೆತ್ತಿ ನೋಡಿದ.

"ಒಡೆಯಾ, ಇವಳು ನನ್ನ ತಂಗಿ. ನಾವು ನಿಮ್ಮ ಕಡೆಯವರು. ತೆಸ್ಕೋಕೊದವರು," ಎಂದು ಮಾವ ಕೈ ಮುಗಿದರು.

ಜೊತೆಗಿದ್ದ ದುಭಾಷಿ ಅದನ್ನು ಅವನ ಮಾತಿನಲ್ಲಿ ಹೇಳಿದ. ಗಡ್ಡದವನು ನಕ್ಕು ಏನೋ ಅಂದ.

"ಏನಂತೆ?"

ದುಭಾಷಿ ನೆಲ ನೋಡುತ್ತ, "ಗುಂಪಲ್ಲಿ ಬೇಕಾದಷ್ಟು ಜನ ಇದ್ದಾರಂತೆ, ನೀನೂ ಒಬ್ಬಳನ್ನ ಆರಿಸ್ಕೋ ಅಂತಾರೆ," ಅಂದ.

ಪಾಪಾನ್ ಸೊಸೆಯ ಸೊಂಟ ಹಿಡಿದು ಜೋತುಬಿದ್ದಳು. ಈಟಿಯ ಹಿಡಿಯಿಂದ ಅವಳ ಭುಜಕ್ಕೆ ಬಡಿದರು. ಮೂಳೆ ಮುರಿದ ಸದ್ದು ಕೇಳಿಸಿತು. ಮಾವ ಕತ್ತಿಯ ಮೇಲೆ ಕೈ ಇಟ್ಟಾಗ ಪಕ್ಕದ ನಮ್ಮವರೇ ಅವರನ್ನು ಹಿಡಿದುಕೊಂಡರು: "ನಿನ್ನೊಬ್ಬನ ತಂಗಿಗೋಸ್ಕರ ಊರು ಸುಡಿಸ್ತೀಯಾ?" ಸೆಂಟೆವಾಳನ್ನು ಹಗ್ಗದ ಸಾಲಿಗೆ ಕಟ್ಟಿ ಒಯ್ದರು. ಅವಳು ತಿರುಗಿ ನೋಡಿದ್ದು ಅತ್ತೆಯನ್ನು.

ಜನ ಹಾದುಹೋಗುತ್ತಲೇ ಇದ್ದರು. ನೆಲದ ಮೇಲೆ ಕೂತಿದ್ದ ಪಾಪಾನ್ ಬಹಳ ಹೊತ್ತಿನ ಮೇಲೆ ತಲೆಯೆತ್ತಿದಳು.

"ಬುರುಡೇಲಿ ನೀರು ಉಳಿದಿದೆಯೇನಪ್ಪ?"

"ಇದೆ ಅಮ್ಮ."

"ಕೊಡು. ಇನ್ನು ಯಾರ ಮುಖ ತೊಳೀಬೇಕು ನೀನು?"

ಕುಡಿದು, ಮುರಿದ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಎದ್ದು, ಹಗ್ಗದ ಸಾಲು ಹೋದ ದಾರಿಯಲ್ಲೇ ನಡೆದಳು. ಮಾವ ಪಡೆಯನ್ನು ಬಿಟ್ಟು ಅವಳ ಹಿಂದೆ ಹೋದರು.

ಗಡ್ಡದವರು ಆಗ ಕೊಯೊವಾಕಾನ್‌ನಲ್ಲಿ ಬೀಡುಬಿಟ್ಟಿದ್ದರು. ಪಾಪಾನ್ ಆ ಊರ ಸಂತೆಯ ಮೂಲೆಯಲ್ಲಿ ಒಲೆ ಹೂಡಿ ಒಂದೇ ಕೈಯಲ್ಲಿ ಕಡುಬು ಬೇಯಿಸತೊಡಗಿದಳು. ಈಗ ಕಡುಬಿನ ಜೊತೆ ಬೈಗುಳ ಮಾತ್ರ ಸಿಗುತ್ತಿರಲಿಲ್ಲ. ಮಾವ ಸೌದೆ ತಂದು ಹಾಕುತ್ತಿದ್ದರು. ಸೆಂಟೆವಾ ಯಾರ ಮನೆಯಲ್ಲಿದ್ದಾಳೆ ಎಂದು ಹುಡುಕಿದ್ದಾಯಿತು. ಬಟ್ಟೆ ಒಗೆಯಲು ಹಳ್ಳಕ್ಕೆ ಬರುತ್ತಾಳೆ ಎಂದು ತಿಳಿಯಿತು. ಪಾಪಾನ್ ಹೋಗಿ ಕಾದಳು.

ಸೆಂಟೆವಾ ಸೆರಗನ್ನು ಕೆನ್ನೆಗೆ ಅಡ್ಡ ಹಿಡಿದು ಬಂದಳು. ಅಲ್ಲಿ ಗುಲಾಮರ ಗುರುತೆಂದು ಕಾದ ಕಬ್ಬಿಣದ ಬರೆ ಎಳೆದಿದ್ದರು.

"ತೋರಿಸು."

"ಬೇಡ ಅತ್ತೆ."

"ಮುಚ್ಚಿಟ್ರೆ ಮಾಯುತ್ತಾ? ತೋರಿಸೇ."

ಕಳ್ಳಿಯ ಲೋಳೆ ಸವರುತ್ತ ಪಾಪಾನ್ ಕೇಳಿದಳು: "ಅಣ್ಣ ಬಂದಿದ್ದಾನೆ. ಮರದ ಹಿಂದೆ ನಿಂತಿದ್ದಾನೆ. ದೋಣಿ ತರ್ತಾನಂತೆ. ಬರ್ತೀಯಾ?"

"ಈ ಕೆನ್ನೆ ಇಟ್ಕೊಂಡು ಎಲ್ಲಿ ಅಡಗಲಿ? ಸಿಕ್ಕಿದ್ರೆ ಅಣ್ಣನ ಮನೆಗೂ ಬೆಂಕಿ ಇಡ್ತಾರೆ."

"ಅವನ ಹತ್ರ ಮಾತಾದ್ರೂ ಆಡ್ತೀಯಾ?"

ಸೆಂಟೆವಾ ಒದ್ದೆ ಬಟ್ಟೆ ಹಿಂಡಿ ಹಿಂಡಿ ಇಟ್ಟಳು. "ಅವನು ಮುಖ ತೊಳೆದಾಗ ಒಂದು ಗಳಿಗೆ ನಾನು ಮನೇಲಿದ್ದೀನಿ ಅನ್ನಿಸಿತ್ತು ಅತ್ತೆ. ಅದನ್ನ ಅವನಿಗೆ ಹೇಳಿ. ಮಾತಾಡೋಕೆ ಇವತ್ತು ಆಗಲ್ಲ."

ಪಾಪಾನ್ ಬಂದು ಅದನ್ನು ಒಂದು ಮಾತೂ ಸೇರಿಸದೆ ಹೇಳಿದಳು. ಮಾವ ಮರಕ್ಕೆ ಹಣೆ ಒತ್ತಿ ಅತ್ತರು. ಮುಂದೆ ಅಣ್ಣತಂಗಿ ಮಾತಾಡಿದರು. ಊರಿನ ಸುದ್ದಿ, ಮಳೆ, ಹೊಲ. ಆ ದಿನದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಹೀಗೇ ವರ್ಷಗಳು ಕಳೆದವು. ಆಮೇಲೆ ಗಡ್ಡದವರು ದಕ್ಷಿಣದ ಕಾಡುಗಳಾಚೆಗೆ ದಂಡು ಹೊರಡಿಸಿದರು. ಸೆಂಟೆವಾಳ ಒಡೆಯನೂ ಹೊರಟ. ಜೋಳ ಅರೆಯಲು ಅವಳನ್ನೂ ಸೇರಿಸಿದ. ಹೊರಡುವ ಬೆಳಿಗ್ಗೆ ಪಾಪಾನ್ ಒಲೆ ಆರಿಸಿ, ಗಂಟು ಕಟ್ಟಿ ಬಂದು ಅರೆಯುವ ಹೆಂಗಸರ ಸಾಲಿನಲ್ಲಿ ನಿಂತಳು.

ಮೇಸ್ತ್ರಿ ನಕ್ಕ. "ಅಜ್ಜಿ, ಎಲ್ಲಿಗೆ? ದಾರೀಲಿ ಸಾಯ್ತೀಯ."

"ಸಾಯೋಕೂ ನಿನ್ನ ಅಪ್ಪಣೆ ಬೇಕಾ? ಊಟ ಹಾಕ್ದೆ ದುಡಿಸ್ಕೊ, ನಿನಗೇನು ಕಷ್ಟ?"

"ಅತ್ತೆ, ಬೇಡ," ಅಂದಳು ಸೆಂಟೆವಾ. "ನಿಮ್ಮ ಕೈ ನೋಡಿ. ಅರೆಯೋಕೆ ಆಗಲ್ಲ ನಿಮಗೆ."

"ನೀನು ಅರಿ. ನಾನು ಪಕ್ಕದಲ್ಲಿ ಕೂತು ತಪ್ಪು ಹಿಡೀತೀನಿ."

ಮಾವ ಅವಳ ಗಂಟು ಹೊತ್ತು ಕಣಿವೆಯವರೆಗೆ ಹೋದರು. ಅಲ್ಲಿ ದಂಡಿನವರು ಅವರನ್ನು ಹಿಂದಕ್ಕೆ ಅಟ್ಟಿದರು.

ಆ ದಂಡಿನಲ್ಲಿ ಹೋದವರಲ್ಲಿ ಮರಳಿದವರು ಕೆಲವರೇ. ಅವರಲ್ಲೊಬ್ಬ ಹೊರೆಯಾಳು ನಮ್ಮೂರಿನವನು. ಮುದುಕಿ ಒಂದು ಹೊಳೆಯ ದಡದಲ್ಲಿ ಜ್ವರದಿಂದ ಸತ್ತಳು ಎಂದು ಅವನು ಹೇಳಿದ. ದಂಡೆಲ್ಲ ಹಸಿವಿನಿಂದ ತತ್ತರಿಸುತ್ತಿತ್ತು, ಯಾರೂ ಯಾರಿಗೂ ಕಾಯುತ್ತಿರಲಿಲ್ಲ. ಸೊಸೆ ಮಾತ್ರ ಸಾಲು ಬಿಟ್ಟು, ಅತ್ತೆಯನ್ನು ಹೂಳಲು ಕೈಯಿಂದಲೇ ಮಣ್ಣು ತೋಡುತ್ತ ಕೂತಳು. ಮೇಸ್ತ್ರಿ ಎರಡು ಸಲ ಕೂಗಿದ. ಅವಳು ತಲೆಯೆತ್ತಲಿಲ್ಲ. ದಂಡು ಹೊಳೆ ದಾಟಿ ಕಾಡಿನೊಳಗೆ ಹೋಯಿತು. ಆಮೇಲೆ ಅವಳನ್ನು ಕಂಡವರಿಲ್ಲ.

ಅಂಥ ಕಾಡಿನಲ್ಲಿ ಒಂಟಿ ಹೆಂಗಸು ಎಷ್ಟು ದಿನ ಬದುಕಿಯಾಳು ಎಂದು ಮನೆಯವರೆಲ್ಲ ಅವಳ ಉತ್ತರಕ್ರಿಯೆ ಮುಗಿಸಿದರು. ಟೊಚಿನ್ ಮಾವ ಆ ದಿನ ಹೊಲಕ್ಕೆ ಹೋಗಿ ಕೂತರು. ತಂಗಿಯ ವಿಷಯ ಯಾರಾದರೂ ಕೇಳಿದರೆ ಸತ್ತಳು ಎಂಬ ಮಾತು ಅವರ ಬಾಯಿಂದ ಕೊನೆಯವರೆಗೂ ಬರಲಿಲ್ಲ. ದಂಡಿನವರು ಹೋದರು, ಅವಳು ಹಿಂದೆ ಉಳಿದಳು ಎಂದಷ್ಟೇ ಹೇಳುತ್ತಿದ್ದರು.