ಭಾವನ ಕಡೆಯ ಬ್ರೇಕು

ನನ್ನ ಭಾವ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಅವರ ಕಾರಿಗೆ ಎರಡು ಬ್ರೇಕು: ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂರುವ ಇವರ ಕಾಲಡಿ. ಊರಿಗೆಲ್ಲ ಕಾರು ಕಲಿಸಿದ ಮಹಾನುಭಾವರ ಲೆಕ್ಕದಲ್ಲಿ ಕಟ್ಟಿಕೊಂಡ ಹೆಂಡತಿ, ಅಂದರೆ ನನ್ನ ಅಕ್ಕ, ಲೈಸೆನ್ಸ್ ಸಿಕ್ಕಮೇಲೂ ಕಾರು ಓಡಿಸಲು ಇನ್ನೂ ಪಳಗಿಲ್ಲವಂತೆ! ಅಕ್ಕ ನರ್ಸ್. ನಾಳೆಯಿಂದ ಗುಡ್ಡದಾಚೆಯ ಆಸ್ಪತ್ರೆಗೆ ಹೆಡ್ ನರ್ಸ್ ಆಗಿ ಹೋಗಬೇಕು. ಅಲ್ಲಿಗೆ ಬಸ್ಸಿಲ್ಲ. ಕಾರು ಓಡಿಸಿಕೊಂಡು ಹೋಗದಿದ್ದರೆ ಆ ಕೆಲಸ ಬೇರೆಯವರ ಪಾಲು.

"ಆ ರಸ್ತೇಲೇ ಹೋಗೋಣ. ಹಕ್ಕಿ ನೋಡಿದ ಹಾಗೂ ಆಯ್ತು, ನಿನ್ನ ಪರೀಕ್ಷೆ ಮಾಡಿದ ಹಾಗೂ ಆಯ್ತು" ಎಂದರು ಹಕ್ಕಿ ಹುಚ್ಚಿನ ಭಾವ. ಅಕ್ಕ ಸ್ಟೀರಿಂಗ್ ಹಿಡಿದಳು, ಭಾವ ಪಕ್ಕದಲ್ಲಿ; ನಾನು ಟೀ ಫ್ಲಾಸ್ಕ್ ಹಿಡಿದು ಹಿಂದೆ ಕೂತೆ, ನನ್ನ ಗ್ರಹಚಾರ.

ಶರತ್ಕಾಲ ಆಗಷ್ಟೇ ಕಾಲಿಟ್ಟಿತ್ತು. ಮರಗಳ ತುದಿ ಹಳದಿಗೆ ತಿರುಗಿ ಎಷ್ಟು ಚೆನ್ನಾಗಿತ್ತು! ನೋಡಲು ಬಿಟ್ಟರೆ ತಾನೆ?

"ಅಗೋ ಮಿಂಚುಳ್ಳಿ!" ಎಂದು ಭಾವ ಧಡ್ ಎಂದು ತಮ್ಮ ಬ್ರೇಕು ಒತ್ತಿದರು. ಕಾರು ಎಗರಿ ನಿಂತಿತು. ಎಂಜಿನ್ ಆಫ್, ಮಿಂಚುಳ್ಳಿ ಮಾಯ, ಬಗ್ಗಿಸುತ್ತಿದ್ದ ಟೀ ನನ್ನ ಮಡಿಲಿಗೆ.

"ನೋಡು, ನಿನಗೆ ನಿಲ್ಲಿಸೋಕೇ ಬರಲ್ಲ."

"ನಿಲ್ಲಿಸಿದ್ದು ನೀವು ಕಣ್ರೀ!" ಎಂದಳು ಅಕ್ಕ.

"ನಿಲ್ಲಿಸೋ ಹಾಗೆ ಮಾಡಿದ್ದು ನೀನು."

ಕೊಕ್ಕರೆಗೂ ಇದೇ ಕಥೆ, ನೀರುಕಾಗೆಗೂ ಇದೇ ಕಥೆ. ಅಕ್ಕನ ಕಣ್ಣಲ್ಲಿ ನೀರಾಡಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಹೊಳೆಯ ಪಕ್ಕ ಗಿಡುಗ ಕಂಡಿತು. "ನಿಧಾನಕ್ಕೆ ಹೋಗ್ತಿರು" ಎಂದು ಭಾವ ಬೂಟು ಬಿಚ್ಚಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಕಿಟಕಿಯಾಚೆ ದುರ್ಬೀನು ಹಿಡಿದರು. ತಿರುವು ದಾಟಿದರೆ ಬಾತುಕೋಳಿಯೊಂದು ಮಕ್ಕಳುಮರಿ ಕಟ್ಟಿಕೊಂಡು ರಸ್ತೆಗೆ ಅಡ್ಡ ಹೊರಟಿದೆ! ಕಾರು ಬೆಣ್ಣೆಯಿಂದ ಕೂದಲು ತೆಗೆದಷ್ಟು ನವಿರಾಗಿ ನಿಂತಿತು.

"ನೋಡ್ದ್ಯಾ? ಹೀಗೆ ನಿಲ್ಲಿಸ್ಬೇಕು" ಎಂದು ಭಾವ ದುರ್ಬೀನು ಇಳಿಸದೆಯೇ ಬೀಗಿದರು.

"ಭಾವ, ನಿಮ್ಮ ಕಾಲು ಸೀಟಿನ ಮೇಲಿದೆ" ಎಂದೆ.

ಅವರು ಬಗ್ಗಿ ತಮ್ಮ ಕಾಲನ್ನೇ ನೋಡಿಕೊಂಡರು. ಕಡೆಯ ಮರಿ ದಾಟುವವರೆಗೂ ಅಕ್ಕ ಬ್ರೇಕು ಬಿಡಲಿಲ್ಲ. ಆಮೇಲೆ ಹೇಳಿದಳು: "ಇಬ್ಬರೂ ಇಳೀರಿ. ಆಸ್ಪತ್ರೆವರೆಗೂ ನಾನೊಬ್ಬಳೇ ಹೋಗಿ ಬರ್ತೀನಿ."

ಕಾರು ಗುಡ್ಡದ ಮರೆಗೆ ಹೋಯಿತು. ಭಾವ ಬರೀ ಕಾಲುಚೀಲದಲ್ಲಿ ರಸ್ತೆಯಂಚಿನ ಕಲ್ಲಿನ ಮೇಲೆ ಕೂತರು. ಗಿಡುಗ ನೆತ್ತಿಯ ಮೇಲೇ ಸುತ್ತುತ್ತಿದ್ದರೂ ತಲೆಯೆತ್ತಲಿಲ್ಲ.

"ಅವಳಿಗೆ ಯಾವಾಗಲೋ ಬಂದಿತ್ತು ಕಣಮ್ಮ" ಎಂದರು.

"ಮತ್ತೆ ಯಾಕೆ ಅವಳ ಪ್ರಾಣ ತಿಂದ್ರಿ?"

"ಇಷ್ಟು ದಿನ ಎಲ್ಲಿಗೆ ಹೋಗ್ಬೇಕಾದ್ರೂ ನನ್ನ ಕರೀತಿದ್ಲು. ಇನ್ಮೇಲೆ ಯಾಕೆ ಕರೀತಾಳೆ?"

ಬೆಳಗ್ಗೆಯಿಂದ ಕೂಡಿಟ್ಟ ಬೈಗುಳವೆಲ್ಲ ಬಿಟ್ಟು, ಫ್ಲಾಸ್ಕಿನಲ್ಲಿ ಉಳಿದಿದ್ದ ಟೀ ಅವರಿಗೆ ಬಗ್ಗಿಸಿಕೊಟ್ಟೆ. ಪಾಪ ಅನ್ನಿಸಿತು.

ಅಷ್ಟರಲ್ಲಿ ಕಾರು ವಾಪಸ್ ಬಂದು ನಮ್ಮ ಪಕ್ಕದಲ್ಲೇ ನಿಂತಿತು. ಅಕ್ಕನ ಮುಖ ಅರಳಿತ್ತು.

"ರೀ, ಬೇಗ ಬನ್ರೀ! ಆಸ್ಪತ್ರೆ ಹಿಂದಿನ ಕೆರೆ ತುಂಬಾ ಹಕ್ಕಿ, ನಿಮಗೆ ತೋರಿಸ್ಬೇಕು."

ಭಾವ ಕಲ್ಲಿನಿಂದ ಜಿಗಿದು ಮುಂದಿನ ಬಾಗಿಲಿಗೆ ಕೈ ಹಾಕಿದರು.

"ಅಲ್ಲಲ್ಲ, ಹಿಂದೆ ಹತ್ತಿ."

ಭಾವ ದುರ್ಬೀನು ಕೊರಳಿಗೆ ಹಾಕಿಕೊಂಡು ಹಿಂದೆ ಹತ್ತಿದರು.