ಬಿಳಿಗಿರಿ ಬೆಟ್ಟದ ಬಸ್ಸು

ಹನೂರು ಬಸ್ ನಿಲ್ದಾಣದ ಹಿಂದಿನ ಗೋಡೆ ಹಿಡಿದು ಚೌಡೇಶ್ವರಿ ಬಗ್ಗಿ ವಾಂತಿ ಮಾಡುತ್ತಿದ್ದಳು. ಗೆಳತಿ ಸ್ಪಂದನ ಅವಳ ಜಡೆಯನ್ನು ಎತ್ತಿ ಹಿಡಿದಿದ್ದಳು. ಹೇಮಂತ್ ಮಾತ್ರ ನೀರಿನ ಬಾಟಲಿ ಹಿಡಿದು, ತನಗೂ ಇವರಿಗೂ ಸಂಬಂಧವೇ ಇಲ್ಲವೆಂಬಂತೆ ಬಸ್ಸಿನ ಬೋರ್ಡುಗಳನ್ನು ಓದುತ್ತ ನಿಂತಿದ್ದ.

"ಎಲ್ಲಿಗಂಟ ತಡಕಂಡೆ?" ಎಂದು ಕೇಳಿದ, ಬಾಟಲಿ ಕೊಡುತ್ತ.

"ಹುಣಸೆ ತೋಪಿನ ಗಂಟ."

"ಓದ್ ವಾರ ಅದ್ಕಿಂತ ಮುಂದಿಕ್ಕೆ ಬಂದಿದ್ದೆ ಕಣೆ. ನೀನು ಹಿಂದಿಂದಕ್ಕೇ ಓಯ್ತಾ ಇದೀಯ."

ಚೌಡೇಶ್ವರಿಗೆ ನಗುವುದಕ್ಕೂ ಶಕ್ತಿ ಇರಲಿಲ್ಲ. ಮುಖ ತೊಳೆದುಕೊಂಡು ಕಲ್ಲುಬೆಂಚಿನ ಮೇಲೆ ಕುಳಿತಳು.

ಮೂವರೂ ಲೊಕ್ಕನಹಳ್ಳಿಯವರು, ಊರಿನ ಕಾಲೇಜಿನಲ್ಲೇ ಒಟ್ಟಿಗೆ ಓದಿ ಪಿಯುಸಿ ಪಾಸು ಮಾಡಿದವರು. ಸ್ಪಂದನಳ ತಾಯಿಯ ಕಡೆಯವರು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವರು. ತಾಯಿ ಕುಸುಮ ಊರಿನ ಅಂಚೆ ಕಚೇರಿಗೆ ಕೆಲಸಕ್ಕೆ ಬಂದು ಅಲ್ಲೇ ನೆಲೆಸಿದ್ದರು. ಹೇಮಂತನ ಮನೆಯದು ದಿನಸಿ ಅಂಗಡಿ. ಚೌಡೇಶ್ವರಿಯ ಅಪ್ಪ ಶಿವನಂಜಯ್ಯನಿಗೆ ಕಾಡಂಚಿನಲ್ಲಿ ಮೂರು ಎಕರೆ ಹೊಲ. ಫಸಲಿನ ಕಾಲದಲ್ಲಿ ಶಾಲೆ ಮುಗಿಸಿ ಬಂದವಳೇ ಅಟ್ಟಣೆ ಹತ್ತಿ, ಆನೆ ಬಂತೇ ಎಂದು ಕತ್ತಲಾಗುವವರೆಗೆ ಕಾಯುತ್ತಿದ್ದವಳು ಅವಳು. ಹಾವಿಗೆ ಹೆದರದ, ಹಂದಿಗೆ ಹೆದರದ ಹುಡುಗಿ ಕೆಂಪು ಬಸ್ಸನ್ನು ಕಂಡರೆ ಮಾತ್ರ ಬಿಳಿಚಿಕೊಳ್ಳುತ್ತಿದ್ದಳು.

ಈಗ ಅವಳಿಗೆ ಕೊಳ್ಳೇಗಾಲದಲ್ಲಿ ನರ್ಸಿಂಗ್ ಓದಲು ಸೀಟು ಸಿಕ್ಕಿತ್ತು. ಹಾಸ್ಟೆಲಿನಲ್ಲಿ ಜಾಗವಿರಲಿಲ್ಲ. ದಿನಾ ಬೆಳಿಗ್ಗೆ ಬಸ್ಸು, ದಿನಾ ಸಂಜೆ ಬಸ್ಸು, ಮೂರು ವರ್ಷ.

"ಆಗಲ್ಲ ಕಣವ್ವ, ಬುಟ್ಬುಡು," ಎಂದಿದ್ದ ಶಿವನಂಜಯ್ಯ. "ಊರಲ್ಲೇ ಬಟ್ಟೆ ಒಲಿಯೋದು ಕಲ್ತ್ಕೊ." ಅವಳು ಎರಡು ದಿನ ಊಟ ಬಿಟ್ಟ ಮೇಲೆ ಒಂದು ಮೆಟ್ಟಿಲು ಇಳಿದ. "ಸೇರ್ಕಳಕ್ಕೆ ಆಚೆ ಸೋಮಾರ ಕೊನೆ ದಿನ ತಾನೆ? ಅದ್ರೊಳ್ಗೆ ಒಂದ್ಸಲ ದೂರ ಓಗಿ, ಉಟ್ಟ ಬಟ್ಟೆ ಒದ್ದೆಯಾಗ್ದಂಗೆ ಬಾ. ನಾನೇ ಕರ್ಕಂಡೋಗಿ ಸೇರುಸ್ತೀನಿ."

ಆವತ್ತಿನಿಂದ ಗೆಳೆಯರಿಬ್ಬರೂ ಅವಳ ಹೊಟ್ಟೆಯನ್ನು ಪಳಗಿಸಲು ಹೊರಟಿದ್ದರು. ಹೆಣ್ಣುಮಕ್ಕಳಿಗೆ ಆಧಾರ್ ಕಾರ್ಡ್ ತೋರಿಸಿದರೆ ಬಸ್ಸು ಪುಕ್ಕಟೆ. ಹೇಮಂತ್ ಮಾತ್ರ ಟಿಕೆಟ್ ತೆಗೆದುಕೊಂಡು, "ಕಕ್ಕೋಳಿಗೆ ಫ್ರೀ, ಬಾಟ್ಲಿ ಹಿಡಿಯೋನಿಗೆ ಟಿಕೆಟ್ಟು" ಎಂದು ಗೊಣಗುತ್ತಿದ್ದ. ಹೀಗೆ ಮೂವರೂ ರಾಮಾಪುರ ನೋಡಿದರು, ಒಡೆಯರಪಾಳ್ಯದಲ್ಲಿ ಟಿಬೆಟಿನವರ ಅಂಗಡಿಯ ಮೊಮೊ ಎಂಬ ಕಡುಬು ನೋಡಿದರು. ಇಬ್ಬರು ತಿಂದರು, ಒಬ್ಬಳು ಮೂಗು ಮುಚ್ಚಿಕೊಂಡು ಮರದ ಕೆಳಗೆ ಕುಳಿತಿದ್ದಳು. ಔಷಧಿಗಳಿಗೇನೂ ಕಡಿಮೆ ಇರಲಿಲ್ಲ. ನಿಂಬೆಹಣ್ಣು ಮೂಸಿದ್ದಾಯಿತು, ಹುಣಸೆಹಣ್ಣು ಚೀಪಿದ್ದಾಯಿತು, ಕೆಳಗೆ ಪೇಪರ್ ಹಾಸಿಕೊಂಡು ಕುಳಿತದ್ದಾಯಿತು. ಅಜ್ಜಿ ಕೆಂಪಾಜಮ್ಮ ಹೊಕ್ಕುಳಿಗೆ ವೀಳ್ಯದೆಲೆ ಅಂಟಿಸಿ ಕಳಿಸಿದ್ದೂ ಆಯಿತು. ಎಲ್ಲಕ್ಕಿಂತ ದೊಡ್ಡ ಔಷಧಿ ಹಿಂದಿನ ಸೀಟು. ಇವಳು ಬಸ್ಸು ಹತ್ತಿದ ಕೂಡಲೇ ಕಂಡಕ್ಟರ್, "ವಾಂತಿ ಮಾಡೋರೆಲ್ಲ ಹಿಂದ್ಕೋಗಿ, ಕಿಟಕಿ ಪಕ್ಕ" ಎನ್ನುತ್ತಿದ್ದ. ಎಲ್ಲ ಬಸ್ಸಿನಲ್ಲೂ ಅದೇ ಕಾನೂನು. ಅವಳು ಬುದ್ಧಿ ಬಂದಾಗಿನಿಂದ ಹಿಂದೆಯೇ ಕುಳಿತಿದ್ದಳು. ಅದನ್ನು ಯಾರೂ ಅನುಮಾನಿಸಿರಲಿಲ್ಲ.

"ನಾಡಿದ್ದು ಭಾನುವಾರ ಬಿಳಿಗಿರಿ ಬೆಟ್ಟಕ್ಕೆ ಹೋಗೋಣ," ಎಂದಳು ಸ್ಪಂದನ, ಹನೂರಿನ ಆ ಬೆಂಚಿನಲ್ಲೇ.

"ತಲೆ ಕೆಟ್ಟದಾ? ಹನೂರಿಗೇ ಈ ಗತಿ. ಅಲ್ಲಿ ಬರೀ ತಿರುವು," ಎಂದ ಹೇಮಂತ್.

"ಅದಕ್ಕೇ. ಆ ಘಾಟಿ ಗೆದ್ದರೆ ಕೊಳ್ಳೇಗಾಲದ ರಸ್ತೆ ಒಕ್ಕಣೆ ಕಣದಂಗೆ ಸಪಾಟು. ಉಳಿದಿರೋದೇ ಒಂದು ಭಾನುವಾರ."

ಭಾನುವಾರ ಯಳಂದೂರು ತಲುಪುವಷ್ಟರಲ್ಲಿ ಚೌಡೇಶ್ವರಿಗೆ ಎರಡು ಸಲ ವಾಂತಿ ಆಗಿತ್ತು. ಬಟ್ಟೆ ಮಾತ್ರ ಹೇಗೋ ಒದ್ದೆಯಾಗಿರಲಿಲ್ಲ. ಬೆಟ್ಟದ ಬಸ್ಸು ಹೊರಡಲು ಸಿದ್ಧವಾಗಿತ್ತು, ಗಿಜಿಗಿಜಿ ಜನ. ಹಿಂದಿನ ಸೀಟಿನಲ್ಲಿ ನಾಮಕರಣಕ್ಕೆ ಹೊರಟ ಒಂದು ದೊಡ್ಡ ಕುಟುಂಬ ತಪ್ಪಲೆ, ತೊಟ್ಟಿಲು ಸಮೇತ ಕುಳಿತಿತ್ತು. ಸ್ಪಂದನ, ಹೇಮಂತ್ ಹೇಗೋ ನುಸುಳಿ ಅವರ ನಡುವೆ ಸಿಕ್ಕಿಕೊಂಡರು. ಚೌಡೇಶ್ವರಿ ಮುಂದಿನ ಬಾಗಿಲ ಬಳಿಯೇ ಉಳಿದಳು.

"ಏ ಮಗಾ, ಇಲ್ಲಿ ಕೂತ್ಕೊ," ಎಂದ ಡ್ರೈವರ್ ಗುರುಸ್ವಾಮಿ, ತನ್ನ ಎಡಕ್ಕಿದ್ದ ಒಂಟಿ ಸೀಟಿನಿಂದ ಊಟದ ಬ್ಯಾಗು ತೆಗೆಯುತ್ತ.

"ಬ್ಯಾಡ ಅಣ್ಣ, ನಂಗೆ ವಾಂತಿ ಆಯ್ತದೆ."

"ಅದ್ಕೇ ಕೂತ್ಕೊ ಅಂದಿದ್ದು. ಹಿಂದ್ಲು ಸೀಟು ಅಂದ್ರೆ ಉಯ್ಯಾಲೆ ಕಣವ್ವ, ಎಂತೋರ್ಗೂ ತಲೆ ತಿರುಗ್ತದೆ. ಇಲ್ಲಿ ಕೂತ್ಕಂಡು ದೂರಕ್ಕೆ ದಾರಿ ನೋಡ್ತಾ ಇರು. ಕೈ ನೋಡ್ಕಬ್ಯಾಡ, ಕಾಲು ನೋಡ್ಕಬ್ಯಾಡ."

ಡ್ರೈವರನ ಮೈಮೇಲೆಯೇ ಆಗಿಬಿಟ್ಟರೆ ಎಂಬ ಭಯದಲ್ಲಿ ಅವಳು ಕಂಬಿ ಹಿಡಿದು ಕುಳಿತಳು. ಚೆಕ್‌ಪೋಸ್ಟ್ ದಾಟಿತು. ಕಾಡು ಎರಡೂ ಕಡೆಯಿಂದ ಹತ್ತಿರ ಬಂತು. ಮೊದಲ ತಿರುವು, ಎರಡನೆಯ ತಿರುವು. ದೊಡ್ಡ ಗಾಜಿನಾಚೆ ರಸ್ತೆ ಬಿಚ್ಚಿಕೊಳ್ಳುತ್ತ ಬರುವುದನ್ನು ಅವಳು ಜೀವಮಾನದಲ್ಲೇ ನೋಡಿರಲಿಲ್ಲ; ಅವಳು ನೋಡಿದ್ದು ಮುಂದಿನವರ ತಲೆ ಮತ್ತು ಕಿಟಕಿಯ ಸರಳು. ಕಾಡು ಕಂಡದ್ದೇ ಅವಳ ಕಣ್ಣು ತಾನಾಗಿ ಅಟ್ಟಣೆಯ ಕೆಲಸಕ್ಕೆ ನಿಂತಿತು. ಮರದ ಬುಡ, ಪೊದೆ, ಬಿದಿರುಮೆಳೆಯ ನೆತ್ತಿ, ಮತ್ತೆ ಮರದ ಬುಡ. ಹೊಟ್ಟೆಯ ಯೋಚನೆ ಎಲ್ಲಿಗೋ ಹೋಯಿತು.

ಒಂದು ತಿರುವಿಗೆ ಇನ್ನೂ ನೂರು ಮಾರು ಇರುವಾಗ ಮೇಲಿನ ದಿಬ್ಬದಲ್ಲಿ ಬಿದಿರಿನ ಒಂದು ಮೆಳೆ ಮಾತ್ರ ಅಲುಗಿತು. ಸುತ್ತ ಎಲೆಯೊಂದೂ ಅಲ್ಲಾಡುತ್ತಿರಲಿಲ್ಲ.

"ಅಣ್ಣ, ನಿಲ್ಸಿ. ಆನೆ ಅದೆ."

"ಎಲ್ಲವ್ವ?" ಎಂದು ಕಂಡಕ್ಟರ್ ನಕ್ಕ. "ದಿನಾ ಓಡಾಡೋ ನಮ್ಗೇ ಕಾಣಿಲ್ಲ."

"ತಿರುವಿನ ಮೇಲ್ಗಡೆ. ಮರಿನೂ ಇರಬೌದು, ಕೆಳ್ಗೂ ಒಂದು ಕಡ್ಡಿ ಮುರೀತು. ಇಳೀತವೆ ಈಗ."

ಗುರುಸ್ವಾಮಿ ಅವಳ ಮುಖ ನೋಡಿದ. ಇಪ್ಪತ್ತು ವರ್ಷ ಕಾಡಿನಲ್ಲಿ ಬಸ್ಸು ಓಡಿಸಿದವನಿಗೆ ಬಾಯಿಬಡುಕರು ಯಾರು, ಬಲ್ಲವರು ಯಾರು ಎಂದು ಗೊತ್ತಾಗುತ್ತದೆ. ಬ್ರೇಕ್ ಒತ್ತಿ, ಮೆಲ್ಲಗೆ ಇಪ್ಪತ್ತಡಿ ಹಿಂದಕ್ಕೆ ತಂದು ಎಂಜಿನ್ ಆರಿಸಿದ.

ಒಂದು ನಿಮಿಷ ಏನೂ ಆಗಲಿಲ್ಲ. ಹಿಂದಿನಿಂದ ಯಾರೋ ಗೊಣಗಿದರು. ಆಮೇಲೆ ದಿಬ್ಬದ ಮಣ್ಣು ಜಾರಿತು, ಹೆಣ್ಣಾನೆಯೊಂದು ಹಿಂಗಾಲು ಮಡಚಿಕೊಂಡು ಸರಕ್ಕನೆ ರಸ್ತೆಗೆ ಇಳಿಯಿತು, ಬಸ್ಸು ಓಡುತ್ತಿದ್ದರೆ ಸರಿಯಾಗಿ ಇರಬೇಕಾಗಿದ್ದ ಜಾಗಕ್ಕೆ. ಅದರ ಹಿಂದೆ ಮರಿ ಉರುಳಿದಂತೆಯೇ ಬಂತು. ತಾಯಿ ಕಿವಿ ಅಗಲಿಸಿ ಬಸ್ಸನ್ನು ನೋಡುತ್ತ ನಿಂತಿತು. ಬಸ್ಸಿನಲ್ಲಿ ಒಂದಿಬ್ಬರು ಜೇಬಿಗೆ ಕೈ ಹಾಕಿದರು.

"ಯಾರೂ ಫೋನ್ ಎತ್ತಬ್ಯಾಡಿ," ಎಂದಳು ಚೌಡೇಶ್ವರಿ ಮೆಲ್ಲಗೆ. "ಕಿವಿ ಮಡುಚ್ಕಂಡ್ರೆ ಓಯ್ತದೆ." ಆನೆ ಕಿವಿ ಮಡಚಿತು. ಮರಿಯನ್ನು ಮುಂದೆ ಬಿಟ್ಟುಕೊಂಡು ಕಣಿವೆಯ ಕಡೆ ಇಳಿದುಹೋಯಿತು.

ಗುರುಸ್ವಾಮಿ ಹಣೆ ಒರೆಸಿಕೊಂಡ. "ಯಾವೂರವ್ವ ನಿಂದು?"

"ಲೊಕ್ಕನಹಳ್ಳಿ."

"ಅದ್ಕೇ ಮತ್ತೆ," ಎಂದು ಎಂಜಿನ್ ಶುರು ಮಾಡಿದ.

ಬೆಟ್ಟದ ಮೇಲೆ ಇಳಿದಾಗ ಹೇಮಂತನ ಕೈಯಲ್ಲಿ ನಿಂಬೆಹಣ್ಣು, ಪ್ಲಾಸ್ಟಿಕ್ ಕವರು ಹಾಗೆಯೇ ಇದ್ದವು. ಬಿಳಿಚಿಕೊಂಡಿದ್ದವನು ಅವನೇ. ಹಿಂದಿನ ಸೀಟು ಅವನನ್ನು ಚೆನ್ನಾಗಿಯೇ ಅಲುಗಾಡಿಸಿತ್ತು. ಸ್ಪಂದನ ಚೌಡೇಶ್ವರಿಯ ಭುಜ ಹಿಡಿದು ಮೇಲಿಂದ ಕೆಳಗೆ ನೋಡಿದಳು.

"ಹೆಂಗಿದೀಯೆ?"

"ಹಸಿವಾಯ್ತದೆ ಕಣೆ," ಎಂದಳು ಚೌಡೇಶ್ವರಿ. ಪ್ರಯಾಣದಲ್ಲಿ ಅವಳಿಗೆ ಹಸಿವೆಂಬುದು ಆದದ್ದು ಅದೇ ಮೊದಲು. ಹೋಟೆಲಿನಲ್ಲಿ ನಾಲ್ಕು ಇಡ್ಲಿ, ಒಂದು ಮಸಾಲೆ ದೋಸೆ ತಿಂದಳು. ಆಮೇಲೆ ಮೂವರೂ ದೇವಸ್ಥಾನದ ಹಿಂದಿನ ಬಂಡೆಯ ಅಂಚಿಗೆ ಹೋಗಿ ಕೆಳಗಿನ ಬಯಲು ನೋಡುತ್ತ ಕುಳಿತರು. ಅವಳಿಗೆ ಕಿರುಚಬೇಕೆನ್ನುವಷ್ಟು ಸಂತೋಷವಾಗಿತ್ತು. ನಾಚಿಕೆಯಾಗಿ ಸುಮ್ಮನೆ ಸ್ಪಂದನಳ ತೊಡೆಗೆ ಗುದ್ದಿದಳು.

ವಾಪಸು ಮೂರು ಬಸ್ಸು. ಮೂರರಲ್ಲೂ ಮುಂದೆಯೇ ಕುಳಿತಳು. ಕೊನೆಯದರಲ್ಲಿ ಊರಿನ ಹಳೆಯ ಕಂಡಕ್ಟರ್ ಅವಳನ್ನು ಕಂಡವನೇ ಹಿಂದಕ್ಕೆ ಕೈ ತೋರಿಸಿದ.

"ಹಿಂದ್ಕೋಗಲ್ಲ ಸಾ," ಎಂದಳು. "ಮೂರು ವರ್ಸ ಇದೇ ಬಸ್ಸಲ್ಲಿ ಬತ್ತೀನಿ. ಇಲ್ಲೇ ಕೂರ್ತೀನಿ."

ಮನೆಯಲ್ಲಿ ಶಿವನಂಜಯ್ಯ ಮಗಳ ಒದ್ದೆಯಾಗದ ಬಟ್ಟೆ ನೋಡಿದ, ಹೇಮಂತನ ಮುಖ ನೋಡಿದ, "ಬೆಟ್ಟಕ್ಕೇ ಓಗಿದ್ರಾ?" ಎಂದಷ್ಟೇ ಕೇಳಿ ಒಳಗೆ ಹೋದ. ಬಿಳಿ ಅಂಗಿ ಎಲ್ಲಿದೆ ಎಂದು ಹೆಂಡತಿಯನ್ನು ಕೇಳುವುದು ಹೊರಗೆ ಕೇಳಿಸಿತು.

ಸೋಮವಾರ ಬೆಳಿಗ್ಗೆ ಅಪ್ಪ ಮಗಳು ಬಸ್ಸು ಹತ್ತಿದರು. ಅವಳು ಮುಂದೆ ಕುಳಿತಳು. ಅವನು ಯಾರೂ ಹೇಳದೆಯೇ ನೇರವಾಗಿ ಹಿಂದಿನ ಸೀಟಿಗೆ, ಕಿಟಕಿಯ ಪಕ್ಕಕ್ಕೆ ಹೋಗಿ ಕುಳಿತ. ಹುಣಸೆ ತೋಪು ದಾಟುವಾಗ ಅವಳು ತಿರುಗಿ ನೋಡಿದರೆ, ಅಪ್ಪ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ಕಿಟಕಿಯ ಹೊರಗೆ ಬಗ್ಗಿದ್ದ.

ಅವಳು ಕಂಬಿ ಹಿಡಿದು ಹಿಡಿದು ಹಿಂದಕ್ಕೆ ಹೋದಳು. ಶಿವನಂಜಯ್ಯ ತಲೆ ಎತ್ತಲಿಲ್ಲ.

"ನಂಗೂ ಚಿಕ್ಕಂದಿಂದ ಇಂಗೇ ಕಣವ್ವ," ಎಂದ. "ಹೈಸ್ಕೂಲು ಬುಟ್ಟಿದ್ದೂ ಇದ್ಕೇಯ. ಯಾರ್ಗೂ ಯೋಳಿಲ್ಲ. ನೀನೂ ದಿನಾ ಇಂಗೆ ಒದ್ದಾಡ್ಬೇಕಲ್ಲ ಅಂತ..."

ಚೌಡೇಶ್ವರಿ ಅವನಿಗೆ ನೀರು ಕೊಟ್ಟಳು, ಅವನ ಮುಖ ಒರೆಸಿದಳು, ತೋಳು ಹಿಡಿದು ಎಬ್ಬಿಸಿದಳು. ತೂಗಾಡುವ ಬಸ್ಸಿನಲ್ಲಿ ಒಂದೊಂದೇ ಹೆಜ್ಜೆ ಇಡಿಸುತ್ತ ಮುಂದಕ್ಕೆ ತಂದು ತನ್ನ ಸೀಟಿನಲ್ಲಿ ಕೂರಿಸಿದಳು. ತಾನು ಪಕ್ಕದಲ್ಲಿ ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದನ್ನು ಅವನ ಬೆನ್ನ ಮೇಲಿಟ್ಟಳು.

"ಕಾಲು ನೋಡ್ಕಬ್ಯಾಡ ಅಪ್ಪ," ಎಂದಳು. "ದೂರಕ್ಕೆ ನೋಡು."

ಶಿವನಂಜಯ್ಯ ನಿಧಾನವಾಗಿ ತಲೆ ಎತ್ತಿದ. ದೊಡ್ಡ ಗಾಜಿನಾಚೆ ಎರಡೂ ಕಡೆ ಜೋಳದ ಹೊಲಗಳ ನಡುವೆ ಕೊಳ್ಳೇಗಾಲದ ರಸ್ತೆ ಬೆಳಗಿನ ಬಿಸಿಲಿನಲ್ಲಿ ನೇರವಾಗಿ ಬಿದ್ದುಕೊಂಡಿತ್ತು.