ನಾಟಕ ಮುಗಿದ ಮೇಲೆ

ಕಂಪ್ಲಿಯ ಕಾಲೇಜಿನ ಹಿಂಬದಿಯ ಕೋಣೆಯಲ್ಲಿ ಅರ್ಚಿತಾ ಬೀದಿನಾಟಕದ ಸೀರೆಗಳನ್ನು ಮಡಿಸಿ ಟ್ರಂಕಿಗೆ ತುಂಬುತ್ತಿದ್ದಳು. ಹೊಸಪೇಟೆಯ ಈ ಹುಡುಗಿ ಪದವಿ ಮುಗಿಸಿ ಒಂದು ವರ್ಷದ ರಾಷ್ಟ್ರೀಯ ಯುವ ಸ್ವಯಂಸೇವೆಗೆ ಸೇರಿದ್ದಳು. ಕಾಲೇಜಿನ ಸ್ವಯಂಸೇವಕ ವಿದ್ಯಾರ್ಥಿಗಳನ್ನು ಒಟ್ಟುಗೂಡಿಸಿ ಸುತ್ತಲಿನ ಹಳ್ಳಿಗಳಿಗೆ ಕರೆದೊಯ್ಯುವುದು ಅವಳ ಕೆಲಸ. ಹಿಂದಿನ ವಾರ ಎಮ್ಮಿಗನೂರಿನಲ್ಲಿ ಬಾಲ್ಯವಿವಾಹದ ವಿರುದ್ಧ ಆಡಿದ ನಾಟಕಕ್ಕೆ ಜನ ಚಪ್ಪಾಳೆ ತಟ್ಟಿದ್ದರು. ಕೊನೆಯಲ್ಲಿ ವಿದ್ಯಾರ್ಥಿಗಳೆಲ್ಲ ಕೈ ಕೈ ಹಿಡಿದು, "ಹೆದರಬ್ಯಾಡ ತಂಗಿ, ನಿನ್ನ ಜೊತಿಗೆ ನಾವಿದ್ದೀವಿ" ಎಂದು ಕೂಗಿದ್ದರು. ಆ ಮಾತು ಬರೆದುಕೊಟ್ಟವಳು ಅರ್ಚಿತಾಳೇ.

ಬಾಗಿಲಲ್ಲಿ ಒಬ್ಬ ಹುಡುಗಿ ಬಂದು ನಿಂತಳು. ಎಮ್ಮಿಗನೂರಿನವಳು, ಹೆಸರು ದುರ್ಗಾ, ವಯಸ್ಸು ಹದಿನಾರು.

"ಜೊತಿಗೆ ಇದ್ದೀವಿ ಅಂದಿದ್ರಲ್ಲ ಅಕ್ಕಾ, ಅದಕ್ಕ ಬಂದೀನಿ. ಮುಂದಿನ ತಿಂಗಳು ನಮ್ಮ ಸೋದರಮಾವನ ಜೊತಿಗೆ ನನ್ನ ಮದುವಿ. ನಾ ಓದಬೇಕು."

ನಾಟಕದಲ್ಲಾದರೆ ಎರವಲು ಕೋಟು ತೊಟ್ಟ ಅಧಿಕಾರಿ ಬಂದು ಕ್ಷಣದಲ್ಲಿ ಮದುವೆ ನಿಲ್ಲಿಸುತ್ತಿದ್ದ. ಅರ್ಚಿತಾ ಮಕ್ಕಳ ಸಹಾಯವಾಣಿಗೆಂದು ಫೋನ್ ಎತ್ತಿಕೊಂಡಳು. ದುರ್ಗಾ ಥಟ್ಟನೆ ಅವಳ ಕೈ ಹಿಡಿದಳು.

"ಬ್ಯಾಡ ಅಕ್ಕಾ! ನಮ್ಮಪ್ಪನ್ನ ಪೊಲೀಸ್ರು ಒಯ್ತಾರ. ನಂಗ ಮದುವಿನೂ ಬ್ಯಾಡ, ಅದೂ ಬ್ಯಾಡ."

ಫೋನ್ ಮಾಡಿದರೆ ನಂಬಿ ಬಂದವಳಿಗೆ ದ್ರೋಹ, ಮಾಡದಿದ್ದರೂ ದ್ರೋಹವೇ. ಕೊನೆಗೆ, ಮೊದಲು ಮನೆಯವರೊಡನೆ ಮಾತಾಡಿ ನೋಡುವುದೆಂದು ಅರ್ಚಿತಾ ದುರ್ಗಾಳೊಡನೆ ಎಮ್ಮಿಗನೂರಿಗೆ ಹೊರಟಳು. ನಾಟಕದಲ್ಲಿ ಮದುಮಗಳಾಗಿದ್ದ ಸುಂಕಲಮ್ಮ ಎಂಬ ವಿದ್ಯಾರ್ಥಿನಿಯೂ ಜೊತೆಗೆ ಬಂದಳು. ಎಮ್ಮಿಗನೂರಿನ ಆಚೆಯ ಹಳ್ಳಿಯವಳು ಆಕೆ.

ದುರ್ಗಾಳ ತಾಯಿ ಯಲ್ಲಕ್ಕ ಆಗತಾನೇ ಭತ್ತದ ನಾಟಿಯಿಂದ ಬಂದು ಕಾಲಿನ ಕೆಸರು ತೊಳೆಯುತ್ತಿದ್ದಳು. ತಂದೆ ಪಾಲಪ್ಪ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದ. ವಿಷಯ ಕೇಳಿ ಯಲ್ಲಕ್ಕ ಸಿಟ್ಟಾಗಲಿಲ್ಲ.

"ಕುಂದ್ರಿ. ನನ್ನ ತಮ್ಮ ಹುಲಿಗೇಶ ಭಾಳ ಒಳ್ಳೇವನು, ಕುಡಿಯಂಗಿಲ್ಲ. ನಾವಿಬ್ರೂ ಕೂಲಿಗೆ ಹೋದ್ರ ಇಕಿ ಮನ್ಯಾಗ ಒಬ್ಬಾಕಿ. ಕಾಲೇಜಿಗೆ ಕಳಿಸಿದ್ರ ದಾರ‍್ಯಾಗ ಒಬ್ಬಾಕಿ. ಏನಾರ ಆದ್ರ ಊರು ನಿಮ್ಮನ್ನ ಕೇಳತೈತೇನ್ರಿ? ನನ್ನ ಕೇಳತೈತಿ."

"ಹದಿನೆಂಟು ತುಂಬದೆ ಮದುವೆ ಮಾಡೋದು ಅಪರಾಧ ಅಮ್ಮಾ. ಇಷ್ಟು ಎಳೆ ವಯಸ್ಸಿಗೆ ಬಸಿರಾದರೆ ಜೀವಕ್ಕೇ ಅಪಾಯ," ಎಂದಳು ಅರ್ಚಿತಾ.

"ನಂಗ ಗೊತ್ತಿಲ್ಲೇನು? ಹದಿನೈದಕ್ಕ ಮೊದಲ್ನೇದು ಹಡದೀನಿ. ಉಳೀಲಿಲ್ಲ ಅದು."

ದುರ್ಗಾ ತಲೆಯೆತ್ತಿ ತಾಯಿಯನ್ನು ನೋಡಿದಳು. ಈ ಮಾತು ಅವಳಿಗೆ ಹೊಸದು.

"ನಿಮ್ಮ ಈ ಕೆಲಸ ಇನ್ನ ಎಷ್ಟು ದಿನ ಐತ್ರಿ?" ಯಲ್ಲಕ್ಕ ಕೇಳಿದಳು.

"ಎರಡು ತಿಂಗಳು."

"ಆಮ್ಯಾಲ ನನ್ನ ಮಗಳ ಜೊತಿಗೆ ಯಾರಿರ್ತಾರ?"

"ಗೊತ್ತಿಲ್ಲ ಅಮ್ಮಾ," ಎಂದಳು ಅರ್ಚಿತಾ. "ಮದುವೆ ನಿಲ್ಲದಿದ್ದರೆ ನಾನು ಫೋನ್ ಮಾಡಲೇಬೇಕು. ಮಾಡಿದರೆ ಈ ಮನೆ ಏನಾಗುತ್ತೋ, ಅದೂ ಗೊತ್ತಿಲ್ಲ. ನಿಮ್ಮ ಮುಂದೆ ಸುಳ್ಳು ಹೇಳೋಕೆ ಆಗ್ತಿಲ್ಲ."

ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ ಸುಂಕಲಮ್ಮ ಮುಂದೆ ಬಂದಳು. "ನಾನಿರ್ತೀನಿ ಚಿಗವ್ವ. ದಿನಾ ನಿಮ್ಮೂರ ಮ್ಯಾಲೇ ಕಂಪ್ಲಿಗೆ ಹೋಗ್ತೀನಿ. ನನ್ನ ಓದು ಇನ್ನೂ ಎರಡು ವರ್ಷ ಐತಿ. ಒಂದು ಬಸ್ಸು ಮೊದ್ಲ ಬಂದು ಇಲ್ಲಿ ಇಳೀತೀನಿ. ಬಾಗಿಲಿಗೇ ಬಂದು ಕರ್ಕೊಂಡು ಹೋಗಿ, ಸಂಜೀಕ ಬಾಗಿಲಿಗೇ ಬಿಡ್ತೀನಿ."

ಯಲ್ಲಕ್ಕ ಮಗಳ ಕಡೆ ತಿರುಗಿದಳು. "ಓದಬೇಕಂತ ನಂಗ್ಯಾಕ ಹೇಳಲಿಲ್ಲಲೇ?"

"ನೀ ಕೇಳಲಿಲ್ಲವ್ವಾ."

ಯಲ್ಲಕ್ಕ ಒಳಗಿನಿಂದ ಫೋನ್ ತಂದು ತಮ್ಮನಿಗೆ ಹಚ್ಚಿದಳು. "ಹುಲಿಗೇಶ, ಮದುವಿ ಈಗ ಬ್ಯಾಡಪ್ಪ. ಎರಡು ವರ್ಷ ತಡಿ..." ಮಗಳ ಮುಖ ನೋಡಿದಳು. "ಇಲ್ಲ, ತಡೀಬ್ಯಾಡ. ಬ್ಯಾರೆ ಹೆಣ್ಣು ನೋಡ್ಕೋ."

ಆ ಕಡೆಯ ದನಿ ಏರಿದ್ದು ಎಲ್ಲರಿಗೂ ಕೇಳಿಸಿತು. ಅವಳು ಫೋನ್ ಕೆಳಗಿಟ್ಟಳು. "ಇನ್ನ ತವರುಮನಿಗೆ ಯಾವ ಮಾರಿ ಇಟ್ಕೊಂಡು ಹೋಗ್ಲಿ," ಎಂದು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ದುರ್ಗಾ ತಾಯಿಯ ಪಕ್ಕ ಹೋಗಿ ಕುಳಿತಳು.

ಅರ್ಚಿತಾಳಿಗೆ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ. ಒಂದು ಮದುವೆ ನಿಂತಿತ್ತು. ಒಡಹುಟ್ಟಿದವರ ನಡುವೆ ಬಿರುಕು ಬಿದ್ದಿತ್ತು. ಹುಲಿಗೇಶ ನಾಳೆ ಬಂದು ಜಗಳ ತೆಗೆದರೆ? ವಿದ್ಯಾರ್ಥಿಗಳಿಗೆ ಇದನ್ನೆಲ್ಲ ಹೇಗೆ ಹೇಳುವುದು? ಅವಳು ಚಪ್ಪಲಿ ಮೆಟ್ಟಿಕೊಂಡಳು.

ಅಂಗಳ ದಾಟುವಾಗ ಅಷ್ಟು ಹೊತ್ತೂ ತುಟಿ ಬಿಚ್ಚದಿದ್ದ ಪಾಲಪ್ಪ ಕಟ್ಟೆಯಿಂದ ಎದ್ದು ಸುಂಕಲಮ್ಮನ ಬಳಿ ಬಂದ.

"ತಂಗೀ," ಎಂದ, "ಮುಂಜಾನೆ ನಿಮ್ಮ ಬಸ್ಸು ಎಷ್ಟಕ್ಕ ಬರತೈತಿ?"